ದಣಿದವರು ಎತ್ತಿಕೊಳ್ಳಬಾರದ ಮಗು

ನನ್ನ ಮಗ ಎರ್ಮಿಲೊನಿಗೆ ನಾಲ್ಕು ತಿಂಗಳು ತುಂಬುವುದು ಹತ್ತಿರವಾದಂತೆ ಮನೆಯಲ್ಲಿ ಒಂದೇ ಮಾತು: ಅವನನ್ನು ಮೊದಲ ಸಲ ಸೊಂಟದ ಮೇಲೆ ಕೂರಿಸಿಕೊಳ್ಳುವವರು ಯಾರು? ಅಲ್ಲಿಯವರೆಗೆ ನಮ್ಮ ಮಾಯಾ ಜನರಲ್ಲಿ ಕೂಸನ್ನು ತೋಳಿನಲ್ಲಿ ಮಲಗಿಸಿಕೊಂಡೇ ಓಡಾಡುತ್ತಾರೆ. ಹೊಲಕ್ಕೆ ನಾಲ್ಕು ಮೂಲೆ, ಹಾಗಾಗಿ ಗಂಡುಮಗುವಿಗೆ ನಾಲ್ಕು ತಿಂಗಳು. ಒಲೆಗೆ ಮೂರು ಕಲ್ಲು, ಹಾಗಾಗಿ ಹೆಣ್ಣುಮಗುವಿಗೆ ಮೂರು. ಆ ದಿನ ಪದ್ರಿನೊ, ಎಂದರೆ ಧರ್ಮತಂದೆ, ಆದವನು ಮಗುವಿನ ಕಾಲು ಬಿಡಿಸಿ, ತನ್ನ ಸೊಂಟಕ್ಕೆ ಕೂರಿಸಿಕೊಂಡು, ಮೇಜಿನ ಸುತ್ತ ಒಂಬತ್ತು ಸುತ್ತು ಬರುತ್ತಾನೆ. ಈ ಶಾಸ್ತ್ರಕ್ಕೆ ಹೆಟ್ಸ್‌ಮೆಕ್ ಎನ್ನುತ್ತೇವೆ. ಎತ್ತಿಕೊಂಡವನಲ್ಲಿ ಆ ಹೊತ್ತಿಗೆ ಏನಿರುತ್ತದೋ ಅದು ಮಗುವಿಗೆ ಹತ್ತುತ್ತದೆ. ಚುರುಕು ಇದ್ದರೆ ಚುರುಕು, ಸಿಡುಕು ಇದ್ದರೆ ಸಿಡುಕು.

ನಾನು ದೊನ್ ನಸಾರಿಯೊ ಕವಿಚ್ ಅವರ ಹೆಸರು ಹೇಳಿದಾಗ ನನ್ನ ಅತ್ತೆ ದೊನ್ಯಾ ಫೆಲಿಸಿಯಾನಾ ಮೆಕ್ಕೆಜೋಳ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು.

"ಮನುಷ್ಯ ಒಳ್ಳೆಯವನೇ. ನಾನು ಬೇಡ ಅಂತಿರೋದು ಅವನನ್ನಲ್ಲ, ಅವನ ದಣಿವನ್ನ. ನನ್ನ ತಮ್ಮ ಸೆಫೆರಿನೊನ್ನ ಎತ್ಕೊಂಡಿದ್ದೋನು ಇದ್ದಿಲ ಗುಂಡಿ ಕಾದು ನೆಟ್ಟಗೆ ಬಂದಿದ್ದ, ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಈಗ ನೋಡು ಸೆಫೆರಿನೊನ ಗತಿ. ಮದುವೆ ದಿನ ಪಾದ್ರಿ ಒಪ್ಪಿಗೆನಾ ಅಂತ ಕೇಳ್ತಿದ್ರೆ ಇವನು ಗೊರಕೆ!"

"ಅಮ್ಮ, ಮಾವ ಅವತ್ತು ಕುಡಿದಿದ್ರು," ಎಂದಳು ನನ್ನ ಹೆಂಡತಿ ನೈದಿ.

"ಕುಡಿದೋರೆಲ್ಲ ಮಲಗಿಬಿಡ್ತಾರಾ? ನಿಮ್ಮಪ್ಪ ಕುಡಿದ್ರೆ ಹಾಡ್ತಿದ್ದ."

ನಾನು ದೊನ್ ನಸಾರಿಯೊ ಅವರನ್ನು ಬಯಸಿದ್ದು ಅವರ ನಾಲಿಗೆಗಾಗಿ. ನಾನು ಪ್ರವಾಸಿಗರ ವ್ಯಾನು ಓಡಿಸುವವನು, ಅವರು ಅದೇ ವ್ಯಾನಿನ ಗೈಡು. ನನ್ನ ಬಾಯಿಂದ ಎರಡು ವಾಕ್ಯ ಒಟ್ಟಿಗೆ ಹೊರಡುವುದಿಲ್ಲ. ರಸ್ತೆಯಲ್ಲಿ ಯಾರಾದರೂ ತಡೆದು ನಿಲ್ಲಿಸಿದರೆ, ಏನೂ ತಪ್ಪು ಮಾಡದಿದ್ದರೂ ತಪ್ಪಿತಸ್ಥನ ಹಾಗೆ ತಲೆ ತಗ್ಗಿಸುತ್ತೇನೆ. ದೊನ್ ನಸಾರಿಯೊ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನಾಲ್ಕು ಮಾತು ಆಡಿದರೆ ಸಾಕು, ತಡೆದವನೇ ನಕ್ಕು ದಾರಿ ಬಿಡುತ್ತಾನೆ. ನನ್ನ ಮಗನಿಗೆ ಅದು ಬರಲಿ, ನನ್ನ ಮೌನ ಬರುವುದು ಬೇಡ ಎಂಬುದು ನನ್ನ ಆಸೆ.

ಅವರು ಓದಿದ್ದು ಮೂರನೆಯ ತರಗತಿ. ಹುಡುಗನಾಗಿದ್ದಾಗ ಪಾಳು ಊರನ್ನು ಅಗೆಯಲು ಬಂದ ತಂಡಕ್ಕೆ ನೀರು ಹೊತ್ತು ಹಾಕುತ್ತಿದ್ದರು. ತಂಡದಲ್ಲಿ ಫ್ರಾನ್ಸಿನವರಿದ್ದರು. ಬಿಸಿಲಲ್ಲಿ ಮಣ್ಣು ಜರಡಿ ಹಿಡಿಯುತ್ತ ಅವರು ಬೈದುಕೊಳ್ಳುತ್ತಿದ್ದ ಮಾತುಗಳನ್ನು ಇವರು ಮೊದಲು ಕಲಿತರಂತೆ, ಉಳಿದ ಫ್ರೆಂಚು ಆಮೇಲೆ ಅಂಟಿಕೊಂಡಿತಂತೆ. ಇಂಗ್ಲಿಷು ಬಂದದ್ದು ಸಮುದ್ರದ ಕಡೆಯ ಹೋಟೆಲಿನಲ್ಲಿ ಪಾತ್ರೆ ತೊಳೆಯುವಾಗ. ಇಟಾಲಿಯನ್ ಎಲ್ಲಿಂದ ಬಂತು ಎಂದು ಕೇಳಿದರೆ, "ಅದು ಬರಲಿಲ್ಲ, ಇವು ಎರಡೂ ಸೇರಿ ಹೆತ್ತವು," ಎನ್ನುತ್ತಿದ್ದರು. ಹೊಲವಿತ್ತು, ಮಳೆ ಬಂದ ವರ್ಷ ಬಿತ್ತುತ್ತಿದ್ದರು. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಮನೆಯ ಒಲೆ ಉರಿದದ್ದು ಬಾಯಿಯಿಂದಲೇ.

ಅವರು ಗುಂಪಿನ ಮುಂದೆ ಹಿಂದುಹಿಂದಕ್ಕೆ ನಡೆಯುತ್ತ ಮಾತಾಡುತ್ತಿದ್ದರು. ಜನರಿಗೆ ಬೆನ್ನು ತೋರಿಸಿದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ ಎಂಬುದು ಅವರ ಲೆಕ್ಕ. ಪಾಳು ಊರಿನ ಪ್ರತಿ ಬೇರು, ಪ್ರತಿ ಮೆಟ್ಟಿಲು ಅವರ ಹಿಮ್ಮಡಿಗೆ ಗೊತ್ತಿತ್ತು. ಅವರ ಬೂಟುಗಳು ಹಿಮ್ಮಡಿಯ ಕಡೆಯಿಂದಲೇ ಸವೆಯುತ್ತಿದ್ದವು. ಚಮ್ಮಾರ ನಕ್ಕು, ಇವು ಮನುಷ್ಯನವೋ ಏಡಿಯವೋ ಎಂದು ಕೇಳುತ್ತಿದ್ದನಂತೆ.

ಅವರ ಹೆಂಡತಿ ದೊನ್ಯಾ ಬಾರ್ತೊಲಾ ಮಾತ್ರ ಆ ನಾಲಿಗೆಯ ಸುಖ ಕಂಡವರಲ್ಲ. "ಇಡೀ ಪ್ರಪಂಚಕ್ಕೆ ಮಾತು ಹಂಚಿ ಬರ್ತಾರೆ ಕಣಪ್ಪ. ಮನೇಲಿ ಉಪ್ಪು ಬೇಕಾದ್ರೂ ಕೈ ತೋರಿಸ್ತಾರೆ. ಬೆಕ್ಕಿನ ಹತ್ರ ನಾನು ಜಾಸ್ತಿ ಮಾತಾಡ್ತೀನಿ," ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಕೇಳಲು ಹೋಗುವಾಗ ಸಿಹಿ ಬನ್ನು, ಚಾಕೊಲೇಟ್ ಬಿಲ್ಲೆ ಒಯ್ಯಬೇಕು. ಬನ್ನು ಬಾಯಿಗಿಟ್ಟರೆ ಒಪ್ಪಿದಂತೆ. ಅಲ್ಲಿಂದ ಹಿಂದೆ ಸರಿಯುವಂತಿಲ್ಲ. ದೊನ್ ನಸಾರಿಯೊ ಬನ್ನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಅದರ ಮೇಲಿನ ಸಕ್ಕರೆಯನ್ನು ನೋಡುತ್ತ ಕೂತರು.

"ಲದಿಸ್ಲಾವೊನ್ನ ಕೇಳಬಹುದಿತ್ತಲ್ಲ, ವಿಲ್ಬೆರ್ತ್," ಎಂದರು. ಲದಿಸ್ಲಾವೊ ಪೂಟ್ ಎಂದರೆ ಮೂಲೆಯ ಅಂಗಡಿಯವನು. ಫ್ಯಾನಿನ ಕೆಳಗೆ ಕೂತು ಮಾರುವವನು, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುವವನು. "ಅವನು ಚೆನ್ನಾಗಿ ನಿದ್ದೆ ಮಾಡ್ತಾನೆ."

"ನನಗೆ ನೀವೇ ಬೇಕು," ಎಂದೆ. ಅಷ್ಟೇ ಹೇಳಲು ಬಂದದ್ದು.

ಅವರು ಬನ್ನು ಕಚ್ಚಿದರು.

ಅತ್ತೆಯ ಷರತ್ತು ಒಂದೇ: ಆ ದಿನ ಅವರು ಕೆಲಸಕ್ಕೆ ಹೋಗಬಾರದು. ಬೆಳಗ್ಗೆಯೆಲ್ಲ ಜೋಲಿಯಲ್ಲಿ ಮಲಗಿದ್ದು, ಸ್ನಾನ ಮಾಡಿ, ತಂಪಾಗಿ ಬರಬೇಕು. ಅವರು ಒಪ್ಪಿದರು. ನಾನೂ ರಜೆ ಹೇಳಿದ್ದೆ. ಆದರೆ ಹಿಂದಿನ ದಿನ ಸಂಜೆ ಕಚೇರಿಯಿಂದ ಫೋನು ಬಂತು. ಫ್ರೆಂಚ್ ಬಲ್ಲ ಇನ್ನೊಬ್ಬ ಗೈಡಿಗೆ ಜ್ವರ. ಗುಂಪು ಆಗಲೇ ಪಟ್ಟಣದ ಹೋಟೆಲಿಗೆ ಬಂದಿಳಿದಿದೆ. ಬೇರೆ ಯಾರೂ ಇಲ್ಲ.

"ಮಧ್ಯಾಹ್ನ ಮೂರಕ್ಕೆಲ್ಲ ಬಿಡ್ತೀವಿ ಅಂತ ಹೇಳಿದ್ದಾರೆ," ಎಂದರು ದೊನ್ ನಸಾರಿಯೊ, ನನ್ನ ಮುಖ ನೋಡದೆ. "ಐದಕ್ಕೆ ಶಾಸ್ತ್ರ. ನಡುವೆ ಮಲಗ್ತೀನಿ."

ಅತ್ತೆಗೆ ನಾನು ಹೇಳಲಿಲ್ಲ, ನೈದಿ ಹೇಳಿದಳು. ಒಳಗಿನಿಂದ ಪಾತ್ರೆಗಳು ಬೀಳುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು.

ಹಾಗಾಗಿ ಬೆಳಗ್ಗೆ ವ್ಯಾನು ಹೊರಡಿಸುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಕೆಲಸ: ಈ ಮನುಷ್ಯನನ್ನು ದಣಿಯದಂತೆ ಸಂಜೆಯವರೆಗೆ ಕಾಯುವುದು. ಅವರ ಚೀಲ ನಾನೇ ಹೊತ್ತೆ. ನೀರಿನ ಬಾಟಲಿಗಳನ್ನು ನಾನೇ ಹಂಚಿದೆ. ಮೈಕು ಹಾಳಾಗಿದೆ ಎಂದು ಸುಳ್ಳು ಹೇಳಿ, ದಾರಿಯುದ್ದಕ್ಕೂ ಮಾತಾಡುವ ಕೆಲಸ ತಪ್ಪಿಸಿದೆ. ಗುಂಪಿನಲ್ಲಿ ಹನ್ನೆರಡು ಜನ, ಹೆಚ್ಚಿನವರು ವಯಸ್ಸಾದವರು. ಮುಂದಿನ ಸೀಟಿನಲ್ಲಿ ಓದೀಲ್ ಎಂಬ ದಪ್ಪ ಹೆಂಗಸು, ಪಕ್ಕದಲ್ಲಿ ಸದಾ ಗಡಿಯಾರ ನೋಡುವ ಅವಳ ಗಂಡ. ಮೈಕು ಇಲ್ಲ ಎಂದು ತಿಳಿದ ಮೇಲೆ ಓದೀಲ್ ಪೂರ್ತಿ ಮುಂದಕ್ಕೆ ಬಾಗಿ ಕೂತು ಒಂದೊಂದೇ ಪ್ರಶ್ನೆ ಕೇಳತೊಡಗಿದಳು. ಮೈಕಿದ್ದರೆ ಒಮ್ಮೆ ಹೇಳಿ ಮುಗಿಯುತ್ತಿದ್ದುದನ್ನು ದೊನ್ ನಸಾರಿಯೊ ಗಂಟಲು ಏರಿಸಿ ಮೂರು ಸಲ ಹೇಳಬೇಕಾಯಿತು.

"ಮೈಕು ಸರಿ ಮಾಡು ಮಾರಾಯ," ಎಂದರು ನನ್ನ ಕಡೆ ಬಾಗಿ. "ನಿನ್ನ ಉಪಕಾರ ನನ್ನ ಕೊಲ್ತಾ ಇದೆ."

ಪಾಳು ಊರಿನಲ್ಲಿ ಬಿಸಿಲು ಆಗಲೇ ಸುಣ್ಣದ ನೆಲಕ್ಕೆ ಬಿದ್ದು ಎದ್ದು ಕಣ್ಣಿಗೆ ಹೊಡೆಯುತ್ತಿತ್ತು. ಡ್ರೈವರುಗಳು ಒಳಗೆ ಹೋಗುವ ಪದ್ಧತಿಯಿಲ್ಲ, ಮರದ ಕೆಳಗೆ ಕೂತು ಇಸ್ಪೀಟು ಆಡುತ್ತಾರೆ. ನಾನು ಕೊಡೆ ಬಿಚ್ಚಿಕೊಂಡು ಅವರ ಹಿಂದೆಯೇ ಹೋದೆ. ಹಿಂದೆ ಎಂದರೆ ಮುಂದೆ. ಅವರು ಹಿಂದಕ್ಕೆ ನಡೆಯುವವರಾದ್ದರಿಂದ ನಾನು ಅವರ ಮುಖಕ್ಕೂ ಗುಂಪಿನ ಮುಖಕ್ಕೂ ನಡುವೆ ಸಿಕ್ಕಿಬಿದ್ದೆ.

"ವ್ಯಾನಿಗೆ ಹೋಗು," ಎಂದರು ನಮ್ಮ ಮಾಯಾ ಭಾಷೆಯಲ್ಲಿ, ಮುಖದ ಮೇಲಿನ ನಗು ಕೆಡಿಸದೆ. "ನೀನು ಕೊಡೆ ಹಿಡಿದ್ರೆ ಬಿಷಪ್ಪನ ಮೆರವಣಿಗೆ ಥರ ಕಾಣತ್ತೆ."

"ಬಿಸಿಲು ತಾಗತ್ತೆ."

"ಬಿಸಿಲಿಗೆ ನಾನೇನು ಹೊಸಬನಾ? ಹೋಗು."

ನಾನು ಹೋಗಲಿಲ್ಲ. ಕೊಡೆ ಮಡಚಿ ಗುಂಪಿನ ಕೊನೆಯಲ್ಲಿ ನಿಂತೆ. ಅವರ ಮಾತು ನನಗೆ ಫ್ರೆಂಚಿನಲ್ಲಿ ಅರ್ಥವಾಗದಿದ್ದರೂ ಅದರ ಏರಿಳಿತ ಬಾಯಿಪಾಠವಾಗಿತ್ತು. ಇಲ್ಲಿ ದನಿ ತಗ್ಗಿಸುತ್ತಾರೆ, ಇಲ್ಲಿ ಕೈ ಎತ್ತುತ್ತಾರೆ, ಇಲ್ಲಿ ಜನ ನಗುತ್ತಾರೆ, ನಕ್ಕು ಮುಗಿಯುವವರೆಗೆ ಇವರು ಟೋಪಿ ಸರಿಮಾಡಿಕೊಳ್ಳುತ್ತಾರೆ. ಚೆಂಡಾಟದ ಅಂಗಳದ ನಡುವೆ ಬಂದಾಗ ಕೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಗುಂಪು ಕಾಯಿತು. ಕಲ್ಲಿನ ಮೇಲೆ ಮಲಗಿದ್ದ ಓತಿ ಕೂಡ ಕತ್ತು ಎತ್ತಿತು. ಆಮೇಲೆ ಅವರು ಕೈ ಇಳಿಸಿ, ಟೋಪಿ ಸರಿಮಾಡಿಕೊಂಡರು. ನಗು ಬರಬೇಕಾದ ಮಾತನ್ನೇ ಹೇಳದೆ ನಗುವಿಗೆ ಜಾಗ ಬಿಟ್ಟರು. ಓದೀಲ್ ಪಾಪ ಏನೋ ಅರ್ಥವಾದವಳಂತೆ ನಕ್ಕಳು.

ಅವರ ಜೊತೆ ವ್ಯಾನು ಓಡಿಸಿದ ಏಳು ವರ್ಷದಲ್ಲಿ ಹಾಗೆ ಆದದ್ದನ್ನು ನಾನು ನೋಡಿರಲಿಲ್ಲ.

ಊಟದ ಹೊತ್ತಿಗೆ ಅವರನ್ನು ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಗುಂಪು ಒಳಗೆ ಊಟ ಮಾಡುತ್ತಿತ್ತು. ಅವರು ಏನೂ ತಿನ್ನಲಿಲ್ಲ, ಮನೆಯಿಂದ ತಂದ ಮೆಕ್ಕೆಜೋಳದ ಹಿಟ್ಟಿನ ನೀರನ್ನಷ್ಟೇ ಕುಡಿದರು. ಕಿಟಕಿಗಳಿಗೆ ಟವೆಲು ಕಟ್ಟಿ ನಾನು ಬಾಗಿಲ ಬಳಿ ಕಾವಲು ನಿಂತೆ. ಎರಡು ನಿಮಿಷವಾಗಿರಬಹುದು, ಓದೀಲಳ ಗಂಡ ಬಂದ. ಗಡಿಯಾರ ತೋರಿಸಿದ. ನಾನು ಬಾಯಿಗೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದೆ. ಅವನು ಗಡಿಯಾರವನ್ನು ಇನ್ನಷ್ಟು ಹತ್ತಿರ ಹಿಡಿದು ಇನ್ನಷ್ಟು ಗಟ್ಟಿಯಾಗಿ ಮಾತಾಡಿದ. ಒಳಗಿನಿಂದ ದೊನ್ ನಸಾರಿಯೊ ಫ್ರೆಂಚಿನಲ್ಲಿ ಉತ್ತರ ಕೊಟ್ಟರು, ಮಲಗಿದ್ದಲ್ಲಿಂದಲೇ, ಕಣ್ಣು ಮುಚ್ಚಿಕೊಂಡೇ. ದನಿ ಮಾತ್ರ ಹೊಸದಾಗಿ ಮದುವೆಯಾದವನ ದನಿಯಂತಿತ್ತು.

ಕೊನೆಗೆ ಉಳಿದದ್ದು ಸೆನೋಟೆ. ಸುಣ್ಣಕಲ್ಲಿನ ನೆಲ ಕುಸಿದು ಕೆಳಗಿನ ನೀರು ಬಾಯಿ ತೆರೆದುಕೊಂಡ ಜಾಗ. ನಾವು ಮಕ್ಕಳಾಗಿದ್ದಾಗ ಮರದ ಬೇರು ಹಿಡಿದು ಇಳಿಯುತ್ತಿದ್ದೆವು. ಈಗ ಮರದ ಮೆಟ್ಟಿಲು ಕಟ್ಟಿದ್ದಾರೆ, ಸಂದಿಯಲ್ಲಿ ಕೆಳಗಿನ ನೀರು ಕಾಣುತ್ತದೆ. ಗುಂಪು ಮೇಲೆಯೇ ಮೈ ತೊಳೆದು, ಕಿತ್ತಳೆ ಬಣ್ಣದ ತೇಲುವ ಜಾಕೆಟು ಹಾಕಿಕೊಂಡು ಈಜಲು ಇಳಿಯಿತು. ದೊನ್ ನಸಾರಿಯೊ ಬಾಟಲಿಯಲ್ಲಿ ಉಳಿದ ಹಿಟ್ಟಿನ ನೀರನ್ನು ಸೆನೋಟೆಯ ಬಾಯಿಯ ಬಳಿ ನೆಲಕ್ಕೆ ಸ್ವಲ್ಪ ಹಾಕಿದರು, ನೀರಿನ ಒಡೆಯರಾದ ದೈವಗಳಿಗೆ. ಆಮೇಲೆ ಕೆಳಗೆ ಹೋಗಿ ಕಟ್ಟೆಯ ಮೇಲೆ ಕೂತರು. ಕಾದ ಮೈಗೆ ತಣ್ಣೀರು ತಾಗಿದರೆ ಕಾಯಿಲೆ ಎನ್ನುತ್ತೇವೆ, ಹಾಗಾಗಿ ಅವರು ನೀರಿಗೆ ಇಳಿಯುವಂತಿಲ್ಲ. ಎದುರಿಗೇ ಅಷ್ಟು ತಂಪು ನೀರು ಇಟ್ಟುಕೊಂಡು ಗೈಡುಗಳು ವರ್ಷಗಟ್ಟಲೆ ಬೆವರುವುದು ಇದಕ್ಕೇ.

"ಹೊರಡೋಣ," ಎಂದೆ. "ಇಲ್ಲಿಂದ ಸೀದಾ ಹೋದ್ರೆ ಹೊತ್ತಿಗೆ ಸರಿಯಾಗಿ ತಲುಪ್ತೀವಿ. ಒಂದರ್ಧ ಗಂಟೆ ಮಲಗಬಹುದು."

"ನಿಮ್ಮತ್ತೆ ಬಾಗಿಲಲ್ಲೇ ಇರ್ತಾಳಾ?"

"ಬೆಳಗ್ಗೆಯಿಂದ ಅಲ್ಲೇ ಇದ್ದಾರೆ ಅನ್ಸತ್ತೆ."

ಅವರು ಚಪ್ಪಾಳೆ ತಟ್ಟಿ ಗುಂಪನ್ನು ಕರೆದರು. ಎಲ್ಲರೂ ಮೇಲಕ್ಕೆ ಹತ್ತಿದರು, ಓದೀಲ್ ಒಬ್ಬಳನ್ನು ಬಿಟ್ಟು. ಇಳಿಯುವಾಗ ಮುಂದೆ ನೋಡಿಕೊಂಡು ಇಳಿದಿದ್ದಳು. ಹತ್ತುವಾಗ ನಾಲ್ಕನೆಯ ಮೆಟ್ಟಿಲಲ್ಲಿ ಒದ್ದೆ ಪಾದದ ಕೆಳಗಿನ ಸಂದಿಯಿಂದ ನೀರನ್ನು ಕಂಡಳು. ಅಷ್ಟೇ. ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಣ್ಣು ಮುಚ್ಚಿ ನಿಂತುಬಿಟ್ಟಳು. ಮೇಲಿನಿಂದ ಗಂಡ ಕೂಗುತ್ತಿದ್ದ. ಅವನು ಕೂಗಿದಷ್ಟೂ ಅವಳ ಬೆರಳು ಬಿಗಿಯಾಗುತ್ತಿತ್ತು. ನಾನು ಎತ್ತಿಕೊಂಡು ಹೋಗೋಣ ಎಂದು ಕೈ ಹಾಕಿದೆ. ಅವಳು ಕಿರುಚಿದಳು.

"ಅವಳನ್ನ ಮುಟ್ಟಬೇಡ, ಹಿಂದೆ ನಿಂತ್ಕೋ," ಎಂದರು ದೊನ್ ನಸಾರಿಯೊ. ನನ್ನನ್ನು ದಾಟಿ, ಅವಳನ್ನೂ ದಾಟಿ, ಅವಳಿಗಿಂತ ಒಂದು ಮೆಟ್ಟಿಲು ಮೇಲೆ ಅವಳಿಗೆ ಮುಖ ಮಾಡಿ ನಿಂತರು. ತಮ್ಮ ಕಣ್ಣನ್ನು ಬೆರಳಿನಿಂದ ತೋರಿಸಿ ಏನೋ ಹೇಳಿದರು. ಅವಳು ಕಣ್ಣು ತೆರೆದು ಅವರ ಮುಖ ನೋಡಿದಳು. ಅವರು ಹಿಂದಕ್ಕೆ ಒಂದು ಮೆಟ್ಟಿಲು ಹತ್ತಿದರು. ಮಾತು ನಿಲ್ಲಿಸಲಿಲ್ಲ. ಅವಳು ಒಂದು ಮೆಟ್ಟಿಲು ಹತ್ತಿದಳು.

ಹಾಗೆ ಅಷ್ಟೂ ಮೆಟ್ಟಿಲು. ಅವಳು ನಿಂತಾಗ ಇವರೂ ನಿಲ್ಲುತ್ತಿದ್ದರು, ಆದರೆ ಬಾಯಿ ನಿಲ್ಲುವಂತಿರಲಿಲ್ಲ. ನಿಂತರೆ ಅವಳ ಕಣ್ಣು ಕೆಳಗೆ ಜಾರುತ್ತಿತ್ತು. ಅದು ಪಾಳು ಊರಿನ ಮಾತಲ್ಲ, ಅದರ ಏರಿಳಿತ ನನಗೆ ಗೊತ್ತು. ಇದು ಬೇರೆ. ನಡುವೆ ಬಾರ್ತೊಲಾ ಎಂಬ ಹೆಸರು ಕೇಳಿತು. ಬೆಕ್ಕನ್ನು ಅವರು ಕರೆಯುವ ಹೆಸರು ಕೇಳಿತು. ಆಮೇಲೆ ಎರ್ಮಿಲೊ, ಎರ್ಮಿಲೊ ಎಂದು ಎರಡು ಸಲ. ನನ್ನ ಮಗನ ಸುದ್ದಿ ಹೇಳುತ್ತ ಒಬ್ಬ ಹೆದರಿದ ಹೆಂಗಸನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಅವರ ಅಂಗಿ ಬೆನ್ನಿಗೆ ಅಂಟಿತ್ತು, ಮೊಣಕಾಲು ಪ್ರತಿ ಮೆಟ್ಟಿಲಿಗೂ ನಡುಗುತ್ತಿತ್ತು. ಅವಳ ಕೆಳಗೆ ಕೈ ಚಾಚಿಕೊಂಡು ಹತ್ತುತ್ತಿದ್ದ ನನಗೆ ಆ ಮೊಣಕಾಲುಗಳೇ ಕಾಣುತ್ತಿದ್ದವು.

ಮೇಲೆ ಬಂದ ಮೇಲೆ ಓದೀಲ್ ಅವರನ್ನು ತಬ್ಬಿಕೊಂಡು ಅತ್ತಳು. ಅವರು ಕಲ್ಲಿನ ಮೇಲೆ ಕೂತರು. ತುಟಿ ಇನ್ನೂ ಸಣ್ಣಗೆ ಅಲುಗುತ್ತಿತ್ತು, ಸದ್ದು ಇರಲಿಲ್ಲ. ಬಿಸಿಲು ಮರದ ಬುಡಕ್ಕೆ ಇಳಿದಿತ್ತು.

ಗುಂಪನ್ನು ಪಟ್ಟಣದಲ್ಲಿ ಇಳಿಸಿ ಊರಿಗೆ ಬರುವಾಗ ಅವರು ಕಿಟಕಿಗೆ ತಲೆ ಆನಿಸಿದ್ದರು. ಮಲಗಿದ್ದಾರೆ ಎಂದುಕೊಂಡು ರಸ್ತೆಯ ಗುಂಡಿಗಳನ್ನೆಲ್ಲ ತಪ್ಪಿಸಿ ಓಡಿಸಿದೆ. ಊರ ಬಾಯಿಗೆ ಬಂದಾಗ ನೋಡಿದರೆ ಕಣ್ಣು ತೆರೆದೇ ಇತ್ತು.

ನಮ್ಮ ಅಂಗಳದಲ್ಲಿ ಜನ ಸೇರಿದ್ದರು. ಮಣ್ಣಿನಡಿ ಬೆಂದ ಟರ್ಕಿ ಕೋಳಿಯ ಕಪ್ಪು ಸಾರಿನ ಘಮ ಬೀದಿಯವರೆಗೆ ಬಂದಿತ್ತು. ದೊನ್ಯಾ ಬಾರ್ತೊಲಾ ಹೊಸ ಕಸೂತಿಯ ಉಡುಪಿನಲ್ಲಿ ಬೇಲಿಯ ಬಳಿ ನಿಂತಿದ್ದರು. ಮರದ ನೆರಳಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ಲದಿಸ್ಲಾವೊ. ಮಿಂದು, ತಲೆ ಬಾಚಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಕೆನ್ನೆಯ ಮೇಲೆ ಆಗತಾನೇ ಮಲಗಿ ಎದ್ದ ದಿಂಬಿನ ಗೆರೆ. ಯಾರು ಕರೆಸಿದ್ದು ಎಂದು ಕೇಳಬೇಕಾಗಿರಲಿಲ್ಲ.

ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಒಳಗೆ ಬರಬೇಡ ನಸಾರಿಯೊ. ಬಿಸಿಲು ಹೊತ್ಕೊಂಡು ಬಂದಿದ್ದೀಯ. ಅಲ್ಲಿ ಕೂತ್ಕೋ." ಕಹಿಕಿತ್ತಳೆ ಗಿಡದ ಕೆಳಗಿನ ಬೆಂಚು ತೋರಿಸಿದರು. ಗಿಡದೆಲೆ ಹಾಕಿದ ನೀರಿನ ಬೋಗುಣಿ ತಂದು ಮುಂದಿಟ್ಟರು. "ಕೈ ತೊಳಿ, ಮುಖ ತೊಳಿ. ಮೈ ಆರಲಿ. ಸೂರ್ಯ ಮುಳುಗೋಕೆ ಇನ್ನೂ ಸ್ವಲ್ಪ ಹೊತ್ತಿದೆ."

ಜನ ದನಿ ತಗ್ಗಿಸಿದರು. ಮಕ್ಕಳನ್ನು ಬೇಲಿಯಾಚೆ ಓಡಿಸಿದರು. ಯಾರೋ ರೇಡಿಯೊ ಆರಿಸಿದರು. ಒಬ್ಬ ಮನುಷ್ಯನ ದಣಿವು ಇಳಿಯಲಿ ಎಂದು ಇಡೀ ಅಂಗಳ ಉಸಿರು ಹಿಡಿದು ಕೂತಿತು. ಅದನ್ನು ನೋಡಿ ಅವರ ಕತ್ತು ಇನ್ನಷ್ಟು ಬಾಗಿತು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ವಿಲ್ಬೆರ್ತ್," ಎಂದರು ಮೆಲ್ಲಗೆ, "ಲದಿಸ್ಲಾವೊ ಎತ್ಕೊಳ್ಳಲಿ."

"ಇನ್ನೊಂದು ಹತ್ತು ನಿಮಿಷ ಕೂತ್ಕೊಳ್ಳಿ. ಸರಿಹೋಗತ್ತೆ."

"ಹತ್ತು ನಿಮಿಷದ್ದಲ್ಲಪ್ಪ ಇದು. ಇವತ್ತಿಂದೂ ಅಲ್ಲ. ನೀನು ನಿನ್ನೆ ರಜೆ ಕೊಡಿಸಿ ನನ್ನ ಎರಡು ದಿನ ಮಲಗಿಸಿದ್ರೂ ಇಷ್ಟೇ. ಬೆಳಗ್ಗೆ ಎದ್ದಾಗ್ಲೇ ಬಾಯಿ ಭಾರ. ಮಾತಾಡಿ ಮಾತಾಡಿ ಒಳಗೆ ಏನೂ ಉಳಿದಿಲ್ಲ. ಇವತ್ತು ಚೆಂಡಾಟದ ಅಂಗಳದಲ್ಲಿ ನೋಡಿದ್ಯಲ್ಲ? ನಿನ್ನ ಮಗನಿಗೆ ನನ್ನ ನಾಲಿಗೆ ಸಿಗಲಿ ಅಂತ ನಿನ್ನಾಸೆ. ಇರೋದನ್ನೇ ತಾನೇ ಕೊಡೋಕಾಗೋದು. ನನ್ನ ಹತ್ರ ಅದಿಲ್ಲ."

ಹಿಂದಿನಿಂದ ಅತ್ತೆಯ ದನಿ ಬಂತು. ಯಾವಾಗ ಬಂದು ನಿಂತಿದ್ದರೋ.

"ಲದಿಸ್ಲಾವೊ ಹೇಗೆ ಎತ್ಕೊಳ್ತಾನೆ? ಅವನು ಬನ್ನು ತಿಂದಿದ್ದಾನಾ?"

"ನೀವೇ ಕರೆಸಿದ್ದಲ್ವಾ ದೊನ್ಯಾ?" ಎಂದ ಲದಿಸ್ಲಾವೊ ಕುರ್ಚಿಯಿಂದ.

"ನೀನು ಸುಮ್ನಿರು. ಇವನು ದಾರೀಲಿ ಬಿದ್ದು ಸತ್ರೆ ಇರಲಿ ಅಂತ ಕರೆಸಿದ್ದು. ಸತ್ತಿಲ್ಲ, ಬಂದಿದ್ದಾನೆ." ಅವರು ದೊನ್ ನಸಾರಿಯೊ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಒಪ್ಕೊಂಡು ಈಗ ವಾಪಸ್ ಕೊಟ್ರೆ ನನ್ನ ಮೊಮ್ಮಗನ ಗತಿ ಏನು? ಹುಟ್ಟಿದಾಗಿನಿಂದ ಎಲ್ರೂ ವಾಪಸ್ ಕೊಡೋ ಮಗು ಆಗ್ತಾನೆ. ಮೇಷ್ಟ್ರು ವಾಪಸ್, ಹೆಂಡ್ತಿ ವಾಪಸ್. ದಣಿವಾದ್ರೂ ಬೇಕು, ಅದು ಬೇಡ."

"ದಣಿದೋನು ಎತ್ಕೋಬಾರ್ದು ಅಂದೋಳು ನೀನೇ ಅಲ್ವಾ ಫೆಲಿಸಿಯಾನಾ," ಎಂದರು ಅವರು.

"ನಾನೇ. ಈಗಲೂ ಹೇಳ್ತೀನಿ." ಅತ್ತೆ ಬೆಂಚಿನ ಮೇಲೆ ಧೊಪ್ಪನೆ ಕೂತರು. ಅವರೂ ಬೆಳಗಿನ ಜಾವದಿಂದ ನಿಂತೇ ಇದ್ದವರು. "ಮೈಯೆಲ್ಲ ದಣಿದಿದೆಯಾ? ಪೂರ್ತಿ? ದಣೀದೇ ಇರೋದು ಏನೂ ಇಲ್ವಾ?"

ದೊನ್ ನಸಾರಿಯೊ ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕಾಲು ನೋಡಿಕೊಂಡರು. ಕೈ ಮಗುಚಿ ನೋಡಿಕೊಂಡರು. ಗಂಟಲು ಮುಟ್ಟಿಕೊಂಡರು.

"ಕಿವಿ," ಎಂದರು.

"ಏನಂದೆ?"

"ಕಿವಿ ದಣಿದಿಲ್ಲ. ಅದಕ್ಕೆ ನಾನು ಅಷ್ಟು ಕೆಲಸ ಕೊಟ್ಟಿಲ್ಲ. ಎಲ್ರೂ ಪ್ರಶ್ನೆ ಕೇಳ್ತಾರೆ, ಅರ್ಧಕ್ಕೇ ಉತ್ತರ ಬಾಯಿಗೆ ಬಂದಿರತ್ತೆ. ಪೂರ್ತಿ ಕೇಳಿಸ್ಕೊಂಡು ಎಷ್ಟು ವರ್ಷ ಆಯ್ತೋ."

ದೊನ್ಯಾ ಬಾರ್ತೊಲಾ ಬೇಲಿಯ ಬಳಿಯಿಂದ, "ಅದು ನಿಜ, ಹೊಚ್ಚ ಹೊಸ ಕಿವಿ. ನಾನೂ ಬಳಸಿಲ್ಲ," ಎಂದರು. ಅಂಗಳದಲ್ಲಿ ತಡೆದಿಟ್ಟ ನಗು ಒಮ್ಮೆಲೇ ಹೊರಬಿತ್ತು.

ಅತ್ತೆ ನಗಲಿಲ್ಲ. ಎದ್ದರು. "ಹಾಗಾದ್ರೆ ಬಾಯಿ ಮುಚ್ಕೊಂಡು ಎತ್ಕೋ. ಮಾತು ನಾವು ಆಡ್ತೀವಿ. ನೀನು ಕೇಳಿಸ್ಕೋ. ಅವನಿಗೆ ಅದೇ ಬರಲಿ."

ಹಾಗೆ ಯಾರೂ ಮಾಡಿದ್ದನ್ನು ನಾವು ನೋಡಿರಲಿಲ್ಲ. ಒಂದೊಂದು ಸುತ್ತಿಗೂ ಮೇಜಿನ ಮೇಲಿನ ಒಂದು ವಸ್ತುವನ್ನು ಮಗುವಿನ ಕೈಗೆ ಮುಟ್ಟಿಸಿ, ಇದು ಇದಕ್ಕೆ ಎಂದು ಹೇಳುವವನು ಪದ್ರಿನೊ. ನಾನು ಅವರನ್ನು ಬಯಸಿದ್ದೇ ಆ ಮಾತುಗಳಿಗೆ. ಮಗ ಗುಂಗುರು ಕೂದಲಿನ ತಲೆ ಅಲ್ಲಾಡಿಸುತ್ತ ನೈದಿಯ ತೋಳಿನಿಂದ ಅವರ ತೋಳಿಗೆ ಹೋದ. ಅವರು ಅವನ ಕಾಲುಗಳನ್ನು ಬಿಡಿಸಿದರು, ಸೊಂಟಕ್ಕೆ ಕೂರಿಸಿಕೊಂಡರು. ಅವನು ಮೊದಲ ಸಲ ನೆಟ್ಟಗೆ ಕೂತು ಜಗತ್ತನ್ನು ನೋಡಿದ. ಜಗತ್ತೆಂದರೆ ಅವನಿಗೆ ಆಗ ದೊನ್ ನಸಾರಿಯೊ ಅವರ ಮುಚ್ಚಿದ ಬಾಯಿ. ಅದರ ಮೇಲೆ ಕೈಯಿಟ್ಟ.

ಮೊದಲ ಸುತ್ತಿಗೆ ನೈದಿ ಪುಸ್ತಕ ಕೊಟ್ಟು, ಓದು, ಓದಿ ನನಗೂ ಹೇಳು ಎಂದಳು. ಮಚ್ಚಿನ ಸುತ್ತು ಲದಿಸ್ಲಾವೊನ ಪಾಲಿಗೆ ಬಂತು. "ಇದು ನಮ್ಮ ಅಂಗಡೀದು. ತುಕ್ಕು ಹಿಡಿಯಲ್ಲ. ಹಿಡಿದ್ರೆ ತಗೊಂಡು ಬಾ," ಎಂದ. ಪ್ರತಿಯೊಬ್ಬರು ಮಾತಾಡುವಾಗಲೂ ದೊನ್ ನಸಾರಿಯೊ ನಿಂತು, ತಲೆ ಸ್ವಲ್ಪ ಓರೆ ಮಾಡಿ, ಮಾತು ಮುಗಿಯುವವರೆಗೆ ಕಾಯುತ್ತಿದ್ದರು. ಮುಗಿದ ಮೇಲೂ ಒಂದು ಉಸಿರಿನಷ್ಟು ಕಾಯುತ್ತಿದ್ದರು. ಹಾಗಾಗಿ ಜನ ಹೇಳಬೇಕೆಂದಿದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳುತ್ತಿದ್ದರು.

ನನ್ನ ಸರದಿಗೆ ಯಾರೋ ವ್ಯಾನಿನ ಕೀಲಿ ಮೇಜಿನ ಮೇಲಿಟ್ಟರು. ನಾನು ಅದನ್ನು ಮಗನ ಮುಷ್ಟಿಗೆ ಮುಟ್ಟಿಸಿದೆ.

"ಇದು ಕೀಲಿ," ಎಂದೆ. ಮುಗಿಯಿತು. ಆದರೆ ಅವರು ಮುಂದಕ್ಕೆ ನಡೆಯಲಿಲ್ಲ. ಕಿವಿ ನನ್ನ ಕಡೆಗೇ ಇತ್ತು. ಮಗನೂ ನನ್ನನ್ನೇ ನೋಡುತ್ತಿದ್ದ. "ಬ್ರೇಕು ಸ್ವಲ್ಪ ಸಡಿಲ," ಎಂದೆ. "ಇಳಿಜಾರಲ್ಲಿ ಎರಡು ಸಲ ಒತ್ತಬೇಕು. ಹಿಂದೆ ಯಾರಾದ್ರೂ ಮಲಗಿದ್ರೆ ಗುಂಡಿ ತಪ್ಪಿಸಿ ಓಡಿಸು. ಮಲಗಿಲ್ಲದಿದ್ರೂ ತಪ್ಪಿಸು." ಇನ್ನೂ ಏನೇನೋ ಹೇಳಿದೆ. ಅಷ್ಟು ಜನರ ಮುಂದೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಆರನೆಯ ಸುತ್ತಿಗೆ ದೊನ್ ನಸಾರಿಯೊ ಅವರ ಮೊಣಕಾಲು ಮೆಟ್ಟಿಲಿನ ಮೇಲೆ ನಡುಗಿದಂತೆಯೇ ನಡುಗತೊಡಗಿತು. ಅಂಗಳದಲ್ಲಿದ್ದ ಎಲ್ಲರಿಗೂ ಕಂಡಿತು. ಅತ್ತೆ ಕುಂಬಳಬೀಜದ ಪುಡಿಯನ್ನು ಬೆರಳ ತುದಿಯಲ್ಲಿ ತೆಗೆದು ಮಗುವಿನ ತುಟಿಗೆ ಹಚ್ಚಿದರು. ಆಡಬೇಕಾದ ಮಾತು ಎಲ್ಲರಿಗೂ ಗೊತ್ತಿತ್ತು, ಬುದ್ಧಿ ಅರಳಲಿ ಎಂಬುದು. ಅವರು ಅದನ್ನು ಆಡಲಿಲ್ಲ.

"ನೋಡು ಎರ್ಮಿಲೊ," ಎಂದರು. "ಈ ಮುದುಕ ದಣಿದಿದ್ದಾನೆ. ನೀನೂ ದಣೀತೀಯ. ದಣೀಬೇಡ ಅಂತ ನಾನು ಹೇಳಿದ್ರೂ ಕೆಲಸ ಕೇಳಲ್ಲ. ದಣಿದಾಗ ಬಾಯಿಬಿಟ್ಟು ಹೇಳು. ಇವನು ಹೇಳಿದ ಹಾಗೆ. ಇವನ ಥರ ತಡ ಮಾಡಬೇಡ, ಅಷ್ಟೇ."

ಮಗ ತುಟಿ ಚಪ್ಪರಿಸಿದ. ದೊನ್ ನಸಾರಿಯೊ ಅವರ ಕಣ್ಣು ಒದ್ದೆಯಾಗಿತ್ತು. ಏನೋ ಹೇಳಲು ಹೊರಟವರು ಸುಮ್ಮನಾದರು. ಇನ್ನೂ ಮೂರು ಸುತ್ತು ಬಾಕಿಯಿತ್ತು.

"ನಡಿ," ಎಂದು ಅತ್ತೆ ಅವರ ಮೊಣಕೈ ಹಿಡಿದುಕೊಂಡರು. ಆ ಮೂರು ಸುತ್ತನ್ನೂ ಇಬ್ಬರೂ ಜೊತೆಯಲ್ಲೇ ಬಂದರು, ನಿಧಾನವಾಗಿ, ಅಂಗಳದ ಬೆಳಕು ಪೂರ್ತಿ ಹೋಗುವ ಮೊದಲು.